ಮೂರನೇ ಅಭ್ಯರ್ಥಿ ಸೋಲಿಸುವುದು ಯಾರನ್ನು? ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಒಂದು ಲೆಕ್ಕ

2025ರ ಜುಲೈನಲ್ಲಿ ಇಲಾನ್ ಮಸ್ಕ್ 'ಅಮೆರಿಕ ಪಾರ್ಟಿ' ಕಟ್ಟುವುದಾಗಿ ಪ್ರಕಟಿಸಿದರು. ಆ ಪಕ್ಷದ ಆರ್ಥಿಕ ನೀತಿ ಏನು, ವಿದೇಶಾಂಗ ನೀತಿ ಏನು ಎಂದು ಕೇಳಿದವರು ಕಡಿಮೆ. ಅದು ಯಾರ ಮತಬುಟ್ಟಿಗೆ ಕೈ ಹಾಕುತ್ತದೆ ಎಂಬ ಲೆಕ್ಕಾಚಾರವೇ ಮೊದಲು ಶುರುವಾಯಿತು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಮಸ್ಕ್ ಸಂವಿಧಾನದ ಪ್ರಕಾರ ಅಧ್ಯಕ್ಷರಾಗುವಂತಿಲ್ಲ. ಆದರೂ ಮೂರನೇ ಪಕ್ಷ ಎಂಬ ಮಾತು ಕೇಳಿದ ಕೂಡಲೇ ಅಮೆರಿಕದ ಎರಡೂ ದೊಡ್ಡ ಪಕ್ಷಗಳು ಎದ್ದು ಕೂರುತ್ತವೆ. ಗೆಲ್ಲುವ ಸಾಧ್ಯತೆಯೇ ಇಲ್ಲದವರನ್ನು ಕಂಡು ಇಷ್ಟು ಅಂಜಿಕೆ ಏಕೆ? ಆ ಅಂಜಿಕೆಗೆ ಆಧಾರ ಎಷ್ಟಿದೆ? ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು.

ಮೊದಲಿಗೆ ಅಲ್ಲಿನ ಎಣಿಕೆಯ ಕ್ರಮ. ಅಮೆರಿಕದ ಅಧ್ಯಕ್ಷರನ್ನು ನೇರವಾಗಿ ಆರಿಸುವುದು ಜನರಲ್ಲ, ರಾಜ್ಯಗಳಿಗೆ ಹಂಚಿರುವ 538 ಎಲೆಕ್ಟೋರಲ್ ಮತಗಳು. ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಉಳಿದ 48 ರಾಜ್ಯಗಳಲ್ಲಿ ಒಂದೇ ಒಂದು ಮತ ಹೆಚ್ಚು ಪಡೆದವರಿಗೂ ಆ ರಾಜ್ಯದ ಎಲೆಕ್ಟೋರಲ್ ಮತಗಳೆಲ್ಲ ಸೇರುತ್ತವೆ. ಎರಡನೇ ಸ್ಥಾನಕ್ಕೆ ಏನೂ ಇಲ್ಲ, ಮೂರನೆಯದಕ್ಕಂತೂ ಇಲ್ಲವೇ ಇಲ್ಲ. 1992ರಲ್ಲಿ ಟೆಕ್ಸಾಸ್‌ನ ಉದ್ಯಮಿ ರಾಸ್ ಪೆರೋ 1.97 ಕೋಟಿ ಮತ ಪಡೆದರು. ಐದರಲ್ಲಿ ಒಬ್ಬರಿಗೆ ಹತ್ತಿರದಷ್ಟು, ಶೇ. 18.9. ಅವರಿಗೆ ಸಿಕ್ಕ ಎಲೆಕ್ಟೋರಲ್ ಮತ ಸೊನ್ನೆ. ಎಂಟು ವರ್ಷದ ನಂತರ ದೇಶದಾದ್ಯಂತ ಶೇ. 3ನ್ನೂ ಮುಟ್ಟದ ರಾಲ್ಫ್ ನೇಡರ್ ಇತಿಹಾಸದ ದಿಕ್ಕನ್ನೇ ಬದಲಿಸಿದರು ಎಂಬ ಆರೋಪ ಇಂದಿಗೂ ನಿಂತಿದೆ. ಅಂದರೆ ಮೂರನೆಯವರ ಬಲ ಇರುವುದು ಅವರು ಗಳಿಸಿದ ಮತಗಳಲ್ಲಿ ಅಷ್ಟಾಗಿ ಅಲ್ಲ; ಮೊದಲಿಬ್ಬರ ನಡುವಿನ ಅಂತರ ಯಾವ ರಾಜ್ಯದಲ್ಲಿ ಎಷ್ಟು ಕಿರಿದಾಗಿದೆ ಎಂಬುದರಲ್ಲಿ.

2000ದ ಫ್ಲಾರಿಡಾವನ್ನು ಬಿಟ್ಟು ಈ ವಿಷಯ ಮಾತಾಡಲು ಆಗುವುದಿಲ್ಲ. ಅಧಿಕೃತ ಫಲಿತಾಂಶದಲ್ಲಿ ರಿಪಬ್ಲಿಕನ್ ಜಾರ್ಜ್ ಬುಷ್ 29,12,790, ಡೆಮಾಕ್ರಟ್ ಅಲ್ ಗೋರ್ 29,12,253. ಅಂತರ 537. ಆ ರಾಜ್ಯದ 25 ಎಲೆಕ್ಟೋರಲ್ ಮತಗಳು ಯಾರಿಗೆ ಹೋಗುತ್ತವೋ ಅವರೇ ಅಧ್ಯಕ್ಷ ಎಂಬ ಸ್ಥಿತಿ. ಮರುಎಣಿಕೆಯ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, ಡಿಸೆಂಬರ್ 12ರಂದು 5-4ರ ತೀರ್ಪಿನಲ್ಲಿ ಎಣಿಕೆ ನಿಂತಿತು. ದೇಶದ ಒಟ್ಟು ಮತಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಮುಂದಿದ್ದ ಗೋರ್ ಸೋತರು. ಪರಿಸರವಾದಿ, ಎಡಕ್ಕೆ ವಾಲುವ ಗ್ರೀನ್ ಪಾರ್ಟಿಯಿಂದ ನಿಂತಿದ್ದ ನೇಡರ್‌ಗೆ ಫ್ಲಾರಿಡಾದಲ್ಲಿ ಬಿದ್ದದ್ದು 97,488 ಮತ. ಕಾರುಗಳ ಸುರಕ್ಷತೆಗಾಗಿ, ಗ್ರಾಹಕರ ಹಕ್ಕಿಗಾಗಿ ದಶಕಗಟ್ಟಲೆ ಹೋರಾಡಿದ್ದ, ಡೆಮಾಕ್ರಟರೂ ಗೌರವಿಸುತ್ತಿದ್ದ ಮನುಷ್ಯ ರಾತ್ರೋರಾತ್ರಿ ಖಳನಾದರು.

ಅದೇ ಫ್ಲಾರಿಡಾದ ಪಟ್ಟಿಯಲ್ಲಿ ಕೆಳಗಿನ ಸಾಲುಗಳನ್ನೂ ಓದಬೇಕು. ರಿಫಾರ್ಮ್ ಪಾರ್ಟಿಯ ಪ್ಯಾಟ್ ಬುಕ್ಯಾನನ್ 17,484. ಸರ್ಕಾರದ ಹಸ್ತಕ್ಷೇಪ ಆದಷ್ಟು ಕಡಿಮೆ ಇರಬೇಕೆನ್ನುವ ಲಿಬರ್ಟೇರಿಯನ್ ಪಕ್ಷದ ಅಭ್ಯರ್ಥಿ 16,415. ಪಟ್ಟಿಯ ಕೊನೆಯಲ್ಲಿದ್ದ ಸೋಷಿಯಲಿಸ್ಟ್ ವರ್ಕರ್ಸ್ ಪಾರ್ಟಿಯ ಅಭ್ಯರ್ಥಿಗೂ 562 ಮತ ಬಂದಿತ್ತು. ಅಂದರೆ ಕಣದಲ್ಲಿದ್ದ ಎಂಟು ಸಣ್ಣ ಅಭ್ಯರ್ಥಿಗಳಲ್ಲಿ ಪ್ರತಿಯೊಬ್ಬರೂ 537ಕ್ಕಿಂತ ಹೆಚ್ಚು ಪಡೆದಿದ್ದರು. 'ಇವರು ನಿಲ್ಲದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು' ಎಂಬ ವಾಕ್ಯವನ್ನು ಎಂಟು ಜನರ ಬಗ್ಗೆಯೂ ಹೇಳಬಹುದು. ಹೆಸರು ಕೆಟ್ಟದ್ದು ಒಬ್ಬರದು.

ಬುಕ್ಯಾನನ್ ಅವರ ಮತಗಳ ಕತೆ ಇನ್ನೂ ವಿಚಿತ್ರ, ನನ್ನ ಪ್ರಕಾರ ನೇಡರ್ ಕತೆಗಿಂತ ಹೆಚ್ಚು ಯೋಚಿಸಬೇಕಾದದ್ದು. 1998ರಲ್ಲಿ ಫ್ಲಾರಿಡಾ ತನ್ನ ಸಂವಿಧಾನ ತಿದ್ದಿ, ಸಣ್ಣ ಪಕ್ಷಗಳು ಮತಪತ್ರದಲ್ಲಿ ಹೆಸರು ಪಡೆಯುವುದನ್ನು ಸುಲಭ ಮಾಡಿತ್ತು. ಹಾಗಾಗಿ 2000ದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಹತ್ತು ಹೆಸರುಗಳು ಬಂದವು. ವಯಸ್ಸಾದವರು ಹೆಚ್ಚಿರುವ ಪಾಮ್ ಬೀಚ್ ಕೌಂಟಿಯಲ್ಲಿ ಹತ್ತು ಹೆಸರನ್ನು ಒಂದೇ ಪುಟದಲ್ಲಿ ಹಿಡಿಸಿದರೆ ಅಕ್ಷರ ತೀರಾ ಚಿಕ್ಕದಾಗುತ್ತದೆ ಎಂದು ಚುನಾವಣಾಧಿಕಾರಿಗಳು ಹೆಸರುಗಳನ್ನು ಎದುರುಬದುರು ಎರಡು ಪುಟಗಳಲ್ಲಿ ಹಂಚಿದರು. ಮತ ಹಾಕಲು ತೂತು ಮಾಡುವ ಸಾಲು ಮಧ್ಯದಲ್ಲಿ ಬಂತು. ಎಡಪುಟದಲ್ಲಿ ಗೋರ್ ಹೆಸರು ಎರಡನೆಯದು, ಆದರೆ ಅವರ ತೂತು ಮೂರನೆಯದು. ಎರಡನೆಯ ತೂತು ಬಲಪುಟದ ಬುಕ್ಯಾನನ್ ಅವರದು. ಫಲವಾಗಿ ಡೆಮಾಕ್ರಟಿಕ್ ಪಕ್ಷಕ್ಕೆ ಒಲಿದ, ಯಹೂದಿ ಹಿರಿಯರು ಸಾಕಷ್ಟಿರುವ ಆ ಕೌಂಟಿಯಲ್ಲಿ ಕಟ್ಟಾ ಬಲಪಂಥೀಯ ಬುಕ್ಯಾನನ್‌ಗೆ 3,407 ಮತ ಬಿತ್ತು. ಅವು ಬಹುಪಾಲು ತನ್ನವಲ್ಲ ಎಂದು ಬುಕ್ಯಾನನ್ ಅವರೇ ಒಪ್ಪಿದರು. ಎರಡೆರಡು ತೂತು ಮಾಡಿದ್ದರಿಂದ 19 ಸಾವಿರಕ್ಕೂ ಹೆಚ್ಚು ಮತಪತ್ರಗಳು ಅಸಿಂಧುವಾದವು. ಇಲ್ಲಿ ಯಾರೂ ಯಾರ ಮತವನ್ನೂ ಒಡೆಯಲಿಲ್ಲ. ಅಭ್ಯರ್ಥಿಗಳ ಸಂಖ್ಯೆ ಹೆಚ್ಚಿತು, ಕಾಗದದ ವಿನ್ಯಾಸ ಬದಲಾಯಿತು, ಅಷ್ಟಕ್ಕೇ ಫಲಿತಾಂಶ ಅಲುಗಾಡಿತು.

ಇನ್ನು ನೇಡರ್ ಮೇಲಿನ ಆರೋಪವನ್ನು ಹೇಗೆ ಅಳೆಯುವುದು? ಸಾಮಾನ್ಯವಾಗಿ ಮಾಡುವುದು ಇಷ್ಟೇ: ಮೂರನೆಯವರ ಮತ ಅಂತರಕ್ಕಿಂತ ಹೆಚ್ಚಿದ್ದರೆ 'ಸೋಲಿಸಿದರು' ಎಂದು ಬರೆದುಬಿಡುವುದು. ಈ ಅಳತೆಯಲ್ಲಿ ಒಂದು ದೊಡ್ಡ ಊಹೆ ಅಡಗಿದೆ. ನೇಡರ್ ಇಲ್ಲದಿದ್ದರೆ ಆ ಮತಗಳೆಲ್ಲ ಗೋರ್‌ಗೇ ಸಲ್ಲುತ್ತಿದ್ದವು, ಅವು ಗೋರ್ ಅವರ ಸ್ವತ್ತು ಎಂಬ ಊಹೆ. ಮತದಾರರಲ್ಲಿ ಕೆಲವರು ಎದುರಾಳಿಗೆ ಹಾಕುತ್ತಿದ್ದರು, ಹಲವರು ಮನೆಯಲ್ಲೇ ಉಳಿಯುತ್ತಿದ್ದರು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಫಲಿತಾಂಶ ತಿರುಗಲು ಮೂರನೆಯವರ ಪ್ರತಿ ಸಾವಿರ ಮತದಾರರಲ್ಲಿ ಎಷ್ಟು ಮತಗಳ ನಿವ್ವಳ ಲಾಭ ಸೋತವರಿಗೆ ಬೇಕಿತ್ತು? ಅಂದರೆ ಸೋತವರಿಗೆ ಬರುತ್ತಿದ್ದ ಮತಗಳಲ್ಲಿ ಗೆದ್ದವರಿಗೆ ಹೋಗುತ್ತಿದ್ದ ಮತಗಳನ್ನು ಕಳೆದ ಮೇಲೆ ಉಳಿಯುವುದೆಷ್ಟು?

ಫ್ಲಾರಿಡಾದಲ್ಲಿ ಆ ಸಂಖ್ಯೆ ಸಾವಿರಕ್ಕೆ ಆರು. ಸಾವಿರ ನೇಡರ್ ಮತದಾರರಲ್ಲಿ ಒಂಬೈನೂರು ಮಂದಿ ಮನೆಯಲ್ಲೇ ಕೂತು, ಉಳಿದ ನೂರರಲ್ಲಿ 53 ಮಂದಿ ಗೋರ್‌ಗೆ, 47 ಮಂದಿ ಬುಷ್‌ಗೆ ಹಾಕಿದ್ದರೂ ಸಾಕಿತ್ತು. ಫ್ಲಾರಿಡಾದ ಮತಪತ್ರಗಳ ದತ್ತಾಂಶವನ್ನೇ ಪರಿಶೀಲಿಸಿದ ಇಬ್ಬರು ರಾಜ್ಯಶಾಸ್ತ್ರಜ್ಞರು, ಅದೇ ಮತಪತ್ರದಲ್ಲಿ ಬೇರೆ ಹುದ್ದೆಗಳಿಗೆ ಯಾರಿಗೆ ಒತ್ತಿದ್ದಾರೆ ಎಂಬುದನ್ನು ನೋಡಿ, ನೇಡರ್ ಮತದಾರರಲ್ಲಿ ಸುಮಾರು ಶೇ. 60 ಮಂದಿ ಗೋರ್ ಕಡೆ, ಶೇ. 40 ಮಂದಿ ಬುಷ್ ಕಡೆ ವಾಲುತ್ತಿದ್ದರು ಎಂದು ಅಂದಾಜು ಮಾಡಿದ್ದಾರೆ. ಜನ ಭಾವಿಸಿದ್ದಕ್ಕಿಂತ ಈ ಒಲವು ಬಹಳ ದುರ್ಬಲ. ಆದರೂ ಸಾವಿರಕ್ಕೆ ಆರು ದಾಟಲು ಅಷ್ಟು ಧಾರಾಳ ಸಾಕು. ಗೋರ್ ತಮ್ಮ ತವರು ರಾಜ್ಯ ಟೆನೆಸಿಯನ್ನು ಗೆದ್ದಿದ್ದರೂ ಅಧ್ಯಕ್ಷರಾಗುತ್ತಿದ್ದರು, ಆ ಸೋಲಿಗೆ ನೇಡರ್ ಕಾರಣರಲ್ಲ ಎಂಬುದೂ ನಿಜ. ಒಂದು ಕಾರಣ ಇನ್ನೊಂದನ್ನು ಅಳಿಸುವುದಿಲ್ಲ. ಫ್ಲಾರಿಡಾದ ಆರೋಪ ಲೆಕ್ಕದ ಮುಂದೆ ನಿಲ್ಲುತ್ತದೆ.

ಅದೇ ಅಳತೆಕೋಲನ್ನು 2016ಕ್ಕೆ ಹಿಡಿಯೋಣ. ಹಿಲರಿ ಕ್ಲಿಂಟನ್ ಗೆಲ್ಲಲು ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಬೇಕಿತ್ತು. ಎರಡು ಸಿಕ್ಕರೂ 270 ಆಗುತ್ತಿರಲಿಲ್ಲ. ಮೂರರಲ್ಲೂ ಗ್ರೀನ್ ಪಾರ್ಟಿಯ ಜಿಲ್ ಸ್ಟೈನ್ ಪಡೆದ ಮತ ಟ್ರಂಪ್ ಅವರ ಅಂತರಕ್ಕಿಂತ ಹೆಚ್ಚು. ಇಷ್ಟನ್ನೇ ಹಿಡಿದು ಸಾವಿರಾರು ಪೋಸ್ಟ್‌ಗಳು ಓಡಾಡಿದವು. ಆದರೆ ಮಿಷಿಗನ್‌ನಲ್ಲಿ ಅಂತರ 10,704, ಸ್ಟೈನ್ ಮತ 51,463: ಸಾವಿರಕ್ಕೆ 208ರ ನಿವ್ವಳ ಲಾಭ ಬೇಕು. ಅಸಾಧ್ಯವೇನಲ್ಲ. ವಿಸ್ಕಾನ್ಸಿನ್‌ನಲ್ಲಿ 22,748ಕ್ಕೆ 31,072: ಸಾವಿರಕ್ಕೆ 732. ಪೆನ್ಸಿಲ್ವೇನಿಯಾದಲ್ಲಿ 44,292ಕ್ಕೆ 49,941: ಸಾವಿರಕ್ಕೆ 887. ಮೂರನೇ ಪಕ್ಷಕ್ಕೆ ಹಾಕಿದವರಲ್ಲಿ ಗಣನೀಯ ಭಾಗ ಬೇರೆ ಯಾರೂ ಬೇಡ ಎನ್ನುವವರೇ ಆಗಿರುವಾಗ, ಸಾವಿರದಲ್ಲಿ ಎಂಟುನೂರೆಂಬತ್ತೇಳರ ನಿವ್ವಳ ಲಾಭ ಎಂಬುದು ನಂಬುವ ಮಾತಲ್ಲ. ಮೇಲಾಗಿ ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್ ಮೂರೂ ರಾಜ್ಯಗಳಲ್ಲಿ ಸ್ಟೈನ್‌ಗಿಂತ ಹೆಚ್ಚು ಮತ ಪಡೆದಿದ್ದರು, ಮಿಷಿಗನ್‌ನಲ್ಲಂತೂ ಮೂರು ಪಟ್ಟಿಗೂ ಹೆಚ್ಚು. ಇಬ್ಬರನ್ನೂ ಕಣದಿಂದ ತೆಗೆದರೆ ಲಾಭ ಯಾರಿಗೆ ಎಂದು ಖಚಿತವಾಗಿ ಹೇಳುವವರನ್ನು ನಾನು ನಂಬಲಾರೆ. ಸ್ಟೈನ್ ಅವರಿಂದ ಹಿಲರಿ ಸೋತರು ಎಂಬ ಮಾತು, ಹಿಲರಿ ಪ್ರಚಾರ ಎಲ್ಲಿ ಎಡವಿತು ಎಂಬ ಕಷ್ಟದ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ದಾರಿಯಾಯಿತು ಎಂದೇ ನನ್ನ ಅಭಿಪ್ರಾಯ.

2020ರಲ್ಲಿ ಇದೇ ಲೆಕ್ಕ ತಿರುಗುಮುರುಗಾಯಿತು, ಆದರೆ ಅದರ ಸದ್ದು ಅಷ್ಟಾಗಲಿಲ್ಲ. ಜಾರ್ಜಿಯಾ, ಅರಿಜೋನಾ, ವಿಸ್ಕಾನ್ಸಿನ್‌ಗಳಲ್ಲಿ ಬೈಡನ್ ಅಂತರಕ್ಕಿಂತ ಲಿಬರ್ಟೇರಿಯನ್ ಅಭ್ಯರ್ಥಿ ಜೋ ಜಾರ್ಗೆನ್ಸನ್ ಪಡೆದ ಮತ ಹೆಚ್ಚು. ಮೂರೂ ಟ್ರಂಪ್ ಪಾಲಾಗಿದ್ದರೆ 269-269ರ ಸಮಬಲ! ಆಗ ಆಯ್ಕೆ ಹೋಗುತ್ತಿದ್ದುದು ಪ್ರತಿನಿಧಿ ಸಭೆಗೆ. ಅಲ್ಲಿ ಸದಸ್ಯರ ತಲೆ ಎಣಿಸುವುದಿಲ್ಲ. ರಾಜ್ಯಕ್ಕೊಂದು ಮತ, ಕ್ಯಾಲಿಫೋರ್ನಿಯಾಕ್ಕೂ ವಯೋಮಿಂಗ್‌ಗೂ ಸಮನಾಗಿ ಒಂದೊಂದು.

2024ರ ಮಿಷಿಗನ್‌ನಲ್ಲಿ ಅರಬ್ ಮೂಲದವರು ಬಹುಸಂಖ್ಯೆಯಲ್ಲಿರುವ ಡಿಯರ್‌ಬಾರ್ನ್ ನಗರ ಗಾಜಾ ಯುದ್ಧದ ಸಿಟ್ಟಿನಲ್ಲಿ ಸ್ಟೈನ್‌ಗೆ ಸುಮಾರು ಶೇ. 18 ಮತ ಕೊಟ್ಟಿತು, ಟ್ರಂಪ್ ಅಲ್ಲಿ ಮೊದಲಿಗರಾದರು. ಅದೊಂದು ಗಂಭೀರ ರಾಜಕೀಯ ಸಂದೇಶ, ನಿಜ. ಆದರೆ ರಾಜ್ಯದಲ್ಲಿ ಟ್ರಂಪ್ ಅಂತರ ಸುಮಾರು 80 ಸಾವಿರ, ಸ್ಟೈನ್ ಮತ ಅದರ ಅರ್ಧಕ್ಕಿಂತ ತುಸು ಹೆಚ್ಚು. ಸಾವಿರಕ್ಕೆ ಸಾವಿರ ಬಂದಿದ್ದರೂ ಕಮಲಾ ಹ್ಯಾರಿಸ್‌ಗೆ ಸಾಲುತ್ತಿರಲಿಲ್ಲ.

ಮತ್ತೆ 1992. ಪೆರೋ ನಿಲ್ಲದಿದ್ದರೆ ಆಗಿನ ಅಧ್ಯಕ್ಷ ಹಿರಿಯ ಬುಷ್ ಗೆಲ್ಲುತ್ತಿದ್ದರು ಎಂಬುದು ರಿಪಬ್ಲಿಕನ್ನರ ಮೂವತ್ತು ವರ್ಷದ ನಂಬಿಕೆ. ಮತಗಟ್ಟೆ ಸಮೀಕ್ಷೆಯಲ್ಲಿ ಪೆರೋ ಮತದಾರರನ್ನೇ ಕೇಳಿದಾಗ ಶೇ. 38 ಮಂದಿ ಬುಷ್ ಎಂದರು, ಶೇ. 38 ಮಂದಿ ಬಿಲ್ ಕ್ಲಿಂಟನ್ ಎಂದರು, ಉಳಿದವರು ಮತವನ್ನೇ ಹಾಕುತ್ತಿರಲಿಲ್ಲ ಎಂದರು. ಲೆಕ್ಕದಲ್ಲಿ ಪೆರೋ ಪ್ರಭಾವ ಹೆಚ್ಚುಕಡಿಮೆ ಸೊನ್ನೆ. ಆದರೆ ಅವರು ಅರ್ಧರ್ಧ ಗಂಟೆ ಟಿವಿ ಸಮಯವನ್ನು ದುಡ್ಡು ಕೊಟ್ಟು ಕೊಂಡು, ಚಾರ್ಟುಗಳನ್ನು ಹಿಡಿದು ಸರ್ಕಾರದ ಸಾಲ ಹೇಗೆ ಬೆಳೆಯುತ್ತಿದೆ ಎಂದು ಜನರಿಗೆ ಪಾಠ ಹೇಳಿದ್ದರು. ವಿತ್ತೀಯ ಕೊರತೆ ಎಂಬ ಒಣ ವಿಷಯ ಅಡುಗೆಮನೆಯ ಮಾತಾಯಿತು. ಕ್ಲಿಂಟನ್ ಅಧಿಕಾರಕ್ಕೆ ಬಂದ ಮೊದಲ ವರ್ಷವೇ ಕೊರತೆ ತಗ್ಗಿಸುವ ಬಜೆಟ್‌ಗೆ ಕೈಹಾಕಿದರು, 1998ರ ಹೊತ್ತಿಗೆ ಬಜೆಟ್ ಉಳಿತಾಯಕ್ಕೆ ತಿರುಗಿತು. ಇದರ ಶ್ರೇಯಸ್ಸೆಲ್ಲ ಪೆರೋಗೆ ಸಲ್ಲದು. ಆದರೆ 1.97 ಕೋಟಿ ಮತಗಳನ್ನು ಕಂಡ ಎರಡೂ ಪಕ್ಷಗಳು ಆ ಮತದಾರರ ಹಿಂದೆ ಬಿದ್ದದ್ದು ಸುಳ್ಳಲ್ಲ.

ಜಾರ್ಜ್ ವ್ಯಾಲೆಸ್ ಅವರದು ಕರಾಳ ಉದಾಹರಣೆ. ಕರಿಯರನ್ನು ಬೇರೆ ಇಡಬೇಕೆಂಬ ವಾದದ ಮೇಲೇ ರಾಜಕೀಯ ಕಟ್ಟಿದ ಅಲಬಾಮಾದ ಮಾಜಿ ಗವರ್ನರ್ 1968ರಲ್ಲಿ ಶೇ. 13.5 ಮತ, ದಕ್ಷಿಣದ ಐದು ರಾಜ್ಯ, 46 ಎಲೆಕ್ಟೋರಲ್ ಮತ ಗಳಿಸಿದರು. ಪೆರೋಗಿಂತ ಕಡಿಮೆ ಮತ, ಆದರೆ ಒಂದೇ ಪ್ರದೇಶದಲ್ಲಿ ಒಟ್ಟಾಗಿ ಬಿದ್ದ ಮತ. ಯಾರಿಗೂ ಬಹುಮತ ಬಾರದಂತೆ ಮಾಡಿ, ನಾಗರಿಕ ಹಕ್ಕುಗಳ ಕಾನೂನು ಸಡಿಲಿಸುವ ಷರತ್ತಿನ ಮೇಲೆ ಚೌಕಾಸಿ ಮಾಡುವುದು ಅವರ ಯೋಜನೆ. ನಿಕ್ಸನ್ 301 ಗಳಿಸಿದ್ದರಿಂದ ಅದು ನಡೆಯಲಿಲ್ಲ. ಆದರೆ ವ್ಯಾಲೆಸ್ ಮತದಾರರನ್ನು ತನ್ನೊಳಗೆ ಸೆಳೆದುಕೊಳ್ಳುವುದೇ ಮುಂದೆ ರಿಪಬ್ಲಿಕನ್ ಪಕ್ಷದ ದಕ್ಷಿಣದ ತಂತ್ರವಾಯಿತು. ರಿಪಬ್ಲಿಕನ್ ರಾಜ್ಯ ಕೆಂಪು, ಡೆಮಾಕ್ರಟಿಕ್ ರಾಜ್ಯ ನೀಲಿ ಎಂದು ತೋರಿಸುವ ಇಂದಿನ ಅಮೆರಿಕದ ನಕ್ಷೆಯಲ್ಲಿ ಆ ಸೋತ ಅಭ್ಯರ್ಥಿಯ ಗೆರೆ ಎದ್ದು ಕಾಣುತ್ತದೆ.

ಮತ ಒಡೆಯುವುದು, ದೊಡ್ಡ ಪಕ್ಷಗಳ ದಾರಿ ಬದಲಿಸುವುದು ಬಿಟ್ಟರೆ, ಮೂರನೆಯ ಬಗೆಯ ಪ್ರಭಾವ ಮತ ಬೀಳುವ ಮುನ್ನವೇ ನಡೆಯುತ್ತದೆ. ರಾಬರ್ಟ್ ಕೆನಡಿ ಜೂನಿಯರ್ 2023ರಲ್ಲಿ ಡೆಮಾಕ್ರಟ್ ಆಗಿ ಶುರುಮಾಡಿ, ಅಕ್ಟೋಬರ್‌ನಲ್ಲಿ ಪಕ್ಷೇತರರಾದರು. ಅವರ ಪರವಾಗಿ ಖರ್ಚು ಮಾಡುತ್ತಿದ್ದ ಸಮಿತಿಗೆ ಕೋಟಿಗಟ್ಟಲೆ ಡಾಲರ್ ಕೊಟ್ಟ ಸಿರಿವಂತ ಟಿಮತಿ ಮೆಲನ್, ಟ್ರಂಪ್ ಪರ ಸಮಿತಿಗೂ ಕೊಡುತ್ತಿದ್ದರು. 2024ರ ಆಗಸ್ಟ್ 23ರಂದು ಕೆನಡಿ ಪ್ರಚಾರ ನಿಲ್ಲಿಸಿ ಟ್ರಂಪ್ ಅವರನ್ನು ಬೆಂಬಲಿಸಿದರು. ಅಲ್ಲಿಯತನಕ ಮತಪತ್ರದಲ್ಲಿ ಹೆಸರು ಸೇರಿಸಲು ರಾಜ್ಯದಿಂದ ರಾಜ್ಯಕ್ಕೆ ಕೋರ್ಟಿಗೆ ಅಲೆದಿದ್ದವರು, ಆಮೇಲೆ ಬಿಗಿ ಪೈಪೋಟಿಯ ರಾಜ್ಯಗಳಲ್ಲಿ ಹೆಸರು ತೆಗೆಸಲು ಅಲೆದರು. ಉತ್ತರ ಕ್ಯಾರೋಲಿನಾದಲ್ಲಿ ಅಚ್ಚಾದ ಮತಪತ್ರಗಳನ್ನೇ ಮತ್ತೆ ಮುದ್ರಿಸಬೇಕಾಯಿತು, ಅಂಚೆ ಮತದಾನ ತಡವಾಯಿತು. ಮಿಷಿಗನ್, ವಿಸ್ಕಾನ್ಸಿನ್‌ಗಳಲ್ಲಿ ಹೆಸರು ತೆಗೆಯಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2025ರ ಫೆಬ್ರುವರಿಯಲ್ಲಿ ಅವರು ಆರೋಗ್ಯ ಸಚಿವರಾದರು, ಲಸಿಕೆಗಳ ನೀತಿ ಅವರ ಕೈಗೆ ಬಂತು. ಇವರು ಎಷ್ಟು ಮತ ಒಡೆದರು ಎಂಬ ಪ್ರಶ್ನೆಯೇ ಇಲ್ಲಿ ಅಪ್ರಸ್ತುತ. ಒಡೆಯಬಲ್ಲೆ ಎಂಬ ಭಯಕ್ಕೆ ಸಿಕ್ಕ ಬೆಲೆ ಅದು.

ಈ ಭಯವನ್ನು ಎರಡೂ ಪಕ್ಷಗಳು ಬಳಸಿಕೊಳ್ಳುತ್ತವೆ. 2004ರಲ್ಲಿ ಮಿಷಿಗನ್‌ನ ರಿಪಬ್ಲಿಕನ್ ಪಕ್ಷವೇ ನೇಡರ್ ಹೆಸರು ಮತಪತ್ರದಲ್ಲಿ ಬರಲೆಂದು ಸಾವಿರಾರು ಸಹಿ ಸಂಗ್ರಹಿಸಿ ಕೊಟ್ಟಿತು. ಡೆಮಾಕ್ರಟರು ಗ್ರೀನ್ ಪಾರ್ಟಿಯ ಹೆಸರು ತೆಗೆಸಲು ಕೋರ್ಟುಗಳಲ್ಲಿ ವಕೀಲರ ಪಡೆ ನಿಲ್ಲಿಸುತ್ತಾರೆ. ಒಬ್ಬರು ಎದುರಾಳಿಯ ಮತ ಒಡೆಯಲು ಹೆಚ್ಚು ಹೆಸರು ಬಯಸಿದರೆ, ಇನ್ನೊಬ್ಬರು ತಮ್ಮ ಮತ ಉಳಿಸಿಕೊಳ್ಳಲು ಕಡಿಮೆ ಹೆಸರು ಬಯಸುತ್ತಾರೆ. ಮತದಾರನಿಗೆ ಯಾರು ಬೇಕು ಎಂಬುದು ಇಬ್ಬರ ಲೆಕ್ಕದಲ್ಲೂ ಇಲ್ಲ. ನನಗೆ ಅತ್ಯಂತ ನೋವೆನಿಸುವ ಭಾಗ ಇದೇ.

ಎಣಿಕೆಯ ನಿಯಮ ಬದಲಿಸಿದರೆ ಏನಾಗುತ್ತದೆ? ಇದಕ್ಕೆ ಉತ್ತರ ನಮ್ಮಲ್ಲೇ ಇದೆ, ಅದರ ಆರಂಭ ಬೆಂಗಳೂರಿನಲ್ಲಿ. 1969ರ ಮೇನಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ಕಾಂಗ್ರೆಸ್ ಅಧಿವೇಶನದ ವೇಳೆ, ನಮ್ಮ ಎಸ್. ನಿಜಲಿಂಗಪ್ಪನವರು ಪಕ್ಷಾಧ್ಯಕ್ಷರಾಗಿದ್ದಾಗ, ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿ ಅಭ್ಯರ್ಥಿಯಾದರು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ಸ್ವತಂತ್ರ ಪಕ್ಷ ಮತ್ತು ಜನಸಂಘದ ಬೆಂಬಲದಿಂದ ಸಿ.ಡಿ. ದೇಶಮುಖ್ ಮೂರನೆಯವರು. ನಮ್ಮ ಸಂವಿಧಾನದಲ್ಲಿ ರಾಷ್ಟ್ರಪತಿ ಆಯ್ಕೆ ಪ್ರಾಶಸ್ತ್ಯ ಮತಗಳಿಂದ: ಮೊದಲ ಆಯ್ಕೆ ಯಾರು, ಎರಡನೆಯದು ಯಾರು ಎಂದು ಬರೆಯಬೇಕು. ಮೊದಲ ಸುತ್ತಿನಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಗೆಲ್ಲಲು 4,18,169 ಬೇಕಿತ್ತು. ಕೆಳಗಿನವರ ಮತಗಳ ಎರಡನೇ ಪ್ರಾಶಸ್ತ್ಯ ಎಣಿಸಿದಾಗ ರೆಡ್ಡಿಗೆ ಸುಮಾರು 92 ಸಾವಿರ, ಗಿರಿಗೆ ಹದಿನೆಂಟೂವರೆ ಸಾವಿರ ಸೇರಿದವು. ಗಿರಿ 4,20,077ರಲ್ಲಿ ಗೆರೆ ದಾಟಿದರು, ಎರಡು ಸಾವಿರಕ್ಕಿಂತ ಕಡಿಮೆ ಮತಮೌಲ್ಯದ ಅಂತರದಲ್ಲಿ.

ಗೆದ್ದವರು ಮೊದಲ ಸುತ್ತಿನಲ್ಲಿ ಮುಂದಿದ್ದವರೇ. ಆದರೆ ದೇಶಮುಖ್ ನಿಂತದ್ದರಿಂದ ರೆಡ್ಡಿ ಸೋತರು ಎಂದು ಯಾರೂ ಹೇಳುವಂತಿರಲಿಲ್ಲ, ಏಕೆಂದರೆ ಆ ಮತಗಳು ಎಲ್ಲಿಗೆ ಹೋದವು ಎಂಬುದು ಎಣಿಸಿದ ಸತ್ಯವಾಗಿತ್ತು. ಹಾಗೆಂದು ಮೂರನೇ ಅಭ್ಯರ್ಥಿಯ ಪ್ರಭಾವ ಅಳಿಯಲಿಲ್ಲ. ದೇಶಮುಖ್ ಬೆಂಬಲಿಗರ ಎರಡನೇ ಪ್ರಾಶಸ್ತ್ಯಕ್ಕಾಗಿ ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಭೇಟಿಯಾದದ್ದನ್ನೇ ಗಿರಿ ಪರವಾಗಿದ್ದ ಇಂದಿರಾ ಬಣ ಅಸ್ತ್ರ ಮಾಡಿಕೊಂಡು, ಪಕ್ಷದ ಅಭ್ಯರ್ಥಿಗೇ ಹಾಕಬೇಕಿಲ್ಲ ಎಂಬ 'ಆತ್ಮಸಾಕ್ಷಿಯ ಮತ'ಕ್ಕೆ ಕರೆಕೊಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಕಾಂಗ್ರೆಸ್ ಒಡೆಯಿತು. ನಿಯಮ ಒಳ್ಳೆಯದಾದರೆ ಚೌಕಾಸಿ ನಿಲ್ಲುವುದಿಲ್ಲ, ಬೆಳಕಿಗೆ ಬರುತ್ತದೆ.

ಮೊದಲ ಸುತ್ತಿನ ಮೊದಲಿಬ್ಬರು ಮಾತ್ರ ಮತ್ತೆ ಎದುರಾಗುವ ಫ್ರಾನ್ಸ್‌ನ ಎರಡು ಸುತ್ತಿನ ಪದ್ಧತಿಯೂ ಪೂರ್ತಿ ರಕ್ಷಣೆ ಕೊಡುವುದಿಲ್ಲ. 2002ರಲ್ಲಿ ಹದಿನಾರು ಅಭ್ಯರ್ಥಿಗಳ ನಡುವೆ ಎಡಪಂಥದ ಮತ ಚೂರುಚೂರಾಗಿ, ಪ್ರಧಾನಿ ಲಿಯೊನೆಲ್ ಜೋಸ್ಪಾನ್ ಶೇ. 16.18ರಲ್ಲಿ ನಿಂತರು. ಶೇ. 16.86 ಪಡೆದ ಬಲಪಂಥೀಯ ಜಾನ್ ಮಾರಿ ಲ ಪೆನ್ ಎರಡನೇ ಸುತ್ತಿಗೆ ಹೋದರು.

ಅಮೆರಿಕದಲ್ಲಿ ಪ್ರಾಶಸ್ತ್ಯ ಮತದ ದಾರಿ ಹಿಡಿದ ಮೊದಲ ರಾಜ್ಯ ಮೇನ್. 2010ರಲ್ಲಿ ಅಲ್ಲಿ ಶೇ. 38ರಷ್ಟು ಮತ ಪಡೆದ ರಿಪಬ್ಲಿಕನ್ ಗವರ್ನರ್ ಆದರು. ಎರಡನೇ ಸ್ಥಾನದಲ್ಲಿದ್ದವರು ಪಕ್ಷೇತರ, ಮೂರನೆಯದು ಡೆಮಾಕ್ರಟ್! ಯಾರು ಯಾರ ಮತ ಒಡೆದರು ಎಂದು ಹೇಳುವುದೇ ಕಷ್ಟವಾಗಿದ್ದ ಆ ಅನುಭವ 2016ರಲ್ಲಿ ಜನರೇ ನಿಯಮ ಬದಲಿಸುವಂತೆ ಮಾಡಿತು, 2020ರಿಂದ ಅಧ್ಯಕ್ಷೀಯ ಚುನಾವಣೆಗೂ ಅದು ಅನ್ವಯವಾಯಿತು. ಅಲಾಸ್ಕಾ ಹಿಂಬಾಲಿಸಿತು. ಆಮೇಲೆ ಗಾಳಿ ತಿರುಗಿತು. 2024ರಲ್ಲಿ ಕೊಲರಾಡೊ, ನೆವಾಡಾ, ಐಡಾಹೊ, ಆರೆಗಾನ್‌ಗಳ ಮತದಾರರು ಇದನ್ನು ತಿರಸ್ಕರಿಸಿದರು. ಅಲಾಸ್ಕಾದಲ್ಲಿ ರದ್ದುಪಡಿಸುವ ಪ್ರಸ್ತಾಪ ಸಾವಿರಕ್ಕಿಂತ ಕಡಿಮೆ ಮತಗಳಲ್ಲಿ ಬಿದ್ದುಹೋಯಿತು. ಎರಡು ದೊಡ್ಡ ಪಕ್ಷಗಳಿಗೂ ಹಳೆಯ ನಿಯಮವೇ ಅನುಕೂಲ: ಸೋತಾಗ ದೂರಲು ಒಬ್ಬರು ಸಿಗುತ್ತಾರೆ, ಗೆದ್ದಾಗ ಶೇ. 43ರಲ್ಲೂ ಇಡೀ ರಾಜ್ಯ ಸಿಗುತ್ತದೆ. ಇನ್ನು 537 ಮತಗಳ ಫ್ಲಾರಿಡಾ, 2022ರಲ್ಲಿ ಕಾನೂನು ಮಾಡಿ, ರಾಜ್ಯದ ಯಾವ ಚುನಾವಣೆಯಲ್ಲೂ ಪ್ರಾಶಸ್ತ್ಯ ಮತದಾನ ನಡೆಯಕೂಡದು ಎಂದು ನಿಷೇಧಿಸಿದೆ.